"ಆಯ್ತು ಮೇಡಂ" ಅಂದವರು ಮುಂದಿನ ವಾರ ಯಾಕೆ ಬರಲ್ಲ?

ನಮ್ಮ ತುಮಕೂರಿನ ಕಡೆ ಡಾಕ್ಟರ ಮುಂದೆ ಕೂತವರು ಹೇಳೋದು ಎರಡೇ ಮಾತು: "ಹೂಂ ಮೇಡಂ", "ಆಯ್ತು ಮೇಡಂ". ಜ್ವರಕ್ಕೆ ಮಾತ್ರೆ ಬರೆಸಿಕೊಳ್ಳುವಾಗ ಅದರಿಂದ ಏನೂ ಕೆಡಲ್ಲ, ಮಾತ್ರೆ ಅದರ ಪಾಡಿಗೆ ಕೆಲಸ ಮಾಡುತ್ತೆ. ಸೈಕೋಥೆರಪಿ, ಅಂದರೆ ಮಾತಿನ ಮೂಲಕ ಮಾಡೋ ಮನಸ್ಸಿನ ಚಿಕಿತ್ಸೆ, ಹಾಳಾಗೋದು ಮಾತ್ರ ಆ ಮಾತಿಂದಲೇ.

ಪ್ಯಾನಿಕ್ ತಗೊಳ್ಳಿ. ಬಸ್ ಹತ್ತಿದರೆ ಎದೆ ಡವಡವ, ಉಸಿರು ಕಟ್ಟಿದ ಹಾಗೆ, ಈಗಲೇ ಸತ್ತೆ ಅನ್ನೋ ಭಯ. ಇಸಿಜಿ ನಾರ್ಮಲ್. ಮೊದಲ ವಾರವೇ "ಬೆಂಗಳೂರಿಗೆ ಒಬ್ಬರೇ ಹೋಗಿ ಬನ್ನಿ" ಅಂದರೆ ಎದುರಿಗಿರೋರು "ಆಯ್ತು" ಅಂತಾರೆ. ಹೋಗಲ್ಲ. ಹೋಗಲಿಲ್ಲ ಅಂತ ಹೇಳೋಕೆ ನಾಚಿಕೆಯಾಗಿ ಥೆರಪಿನೇ ಬಿಡ್ತಾರೆ.

ಕಮ್ಮಿ ಭಯದಿಂದ ಹೆಚ್ಚು ಭಯದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಒಂದು ಪಟ್ಟಿಯನ್ನ ಅವರ ಕೈಯಲ್ಲೇ ಬರೆಸಬೇಕು. ಸ್ಟ್ಯಾಂಡಲ್ಲಿ ನಿಂತಿರೋ ಬಸ್ಸಲ್ಲಿ ಕೂತರೆ ಭಯ 100ಕ್ಕೆ ಎಷ್ಟು? 30. ಕ್ಯಾತ್ಸಂದ್ರದವರೆಗೆ? 45. ದಾಬಸ್‌ಪೇಟೆ? 65. ನೆಲಮಂಗಲ? 80. "ಕಿಟಕಿ ಪಕ್ಕ ಸೀಟು ಸಿಗದಿದ್ರೆ ಇನ್ನೊಂದು 10 ಸೇರಿಸಿ ಮೇಡಂ." ಈ ಕೊನೆಯದು ಯಾವ ಪುಸ್ತಕದಲ್ಲೂ ಇರಲ್ಲ. ಅನುಭವಿಸೋರಿಗಷ್ಟೇ ಗೊತ್ತು.

ಒಂದೊಂದು ಮೆಟ್ಟಿಲನ್ನೂ ವಾರಕ್ಕೆ ಮೂರ್ನಾಲ್ಕು ಸಲ ಹತ್ತಬೇಕು. ಭಯ ಏರಿದಾಗ ಮಧ್ಯದಲ್ಲಿ ಇಳಿದುಬಿಟ್ಟರೆ "ಇಳಿದಿದ್ದಕ್ಕೇ ಬದುಕಿದೆ" ಅಂತ ಮನಸ್ಸು ಪಾಠ ಕಲಿಯುತ್ತೆ. ಕೈಲಿರೋ ನೀರಿನ ಬಾಟಲಿ, ದಾರಿಯುದ್ದಕ್ಕೂ ಮನೆಯವರ ಜೊತೆ ಫೋನು, ಇವೂ ಅದೇ ಪಾಠ ಕಲಿಸೋದು. ಹಾಗಂತ ಬಾಟಲಿ ಕಿತ್ತುಕೊಂಡರೆ ಬ್ಯಾಗಲ್ಲಿ ಬಚ್ಚಿಟ್ಟು ಒಯ್ತಾರೆ. ಯಾವ ಊರು ದಾಟಿದ ಮೇಲೆ ಬಿಡೋದು ಅಂತ ಅವರೇ ಹೇಳಲಿ. (ಡಾಕ್ಟರು ಬರೆದ ದಿನದ ಮಾತ್ರೆ ಬೇರೆ ವಿಷಯ, ಅದನ್ನ ಸ್ವಂತವಾಗಿ ನಿಲ್ಲಿಸಬೇಡಿ.)

1979ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್, ಥೆರಪಿಸ್ಟ್‌ಗೂ ಬಂದವರಿಗೂ ನಡುವಿನ ಸಂಬಂಧವನ್ನ ಮೂರಾಗಿ ಬಿಡಿಸಿಟ್ಟರು: ಗುರಿಯಲ್ಲಿ ಒಮ್ಮತ, ಮಾಡೋ ಕೆಲಸದಲ್ಲಿ ಒಮ್ಮತ, ಇಬ್ಬರ ನಡುವಿನ ನಂಟು. ನಮ್ಮಲ್ಲಿ ನಂಟನ್ನೇ ಸಂಬಂಧ ಅಂದುಕೊಳ್ತೀವಿ, "ಮೇಡಂ ತುಂಬಾ ಒಳ್ಳೆಯವರು" ಅಂತ. ಅದೊಂದೇ ಸಾಲದು. 2018ರಲ್ಲಿ 295 ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗ ಯಾರಿಗೆ ಎಷ್ಟು ಗುಣ ಆಯ್ತು ಅನ್ನೋ ವ್ಯತ್ಯಾಸದಲ್ಲಿ ಸುಮಾರು 8% ಈ ಹೊಂದಾಣಿಕೆಗೆ ಸೇರಿಕೊಂಡಿತ್ತು. ಕಮ್ಮಿ ಅನ್ನಿಸುತ್ತೆ. ಆದರೆ ಸಿಬಿಟಿನೋ (ಯೋಚನೆ, ನಡವಳಿಕೆ ತಿದ್ದೋ ಥೆರಪಿ) ಇನ್ನೊಂದೋ ಅಂತ ನಾವು ಕಿತ್ತಾಡೋ ಪದ್ಧತಿಗಳ ನಡುವಿನ ವ್ಯತ್ಯಾಸ ಸಾಮಾನ್ಯವಾಗಿ ಅಷ್ಟೂ ಇರಲ್ಲ.

ಗುರಿ ತಪ್ಪೋದು ಹೆಚ್ಚಾಗಿ ಮನೆಯವರು ಕರ್ಕೊಂಡು ಬಂದಾಗ. "ಇವನು ಓದೋ ಹಾಗೆ ಮಾಡಿ" ಅನ್ನೋದು ಅಪ್ಪನ ಗುರಿ. ಹುಡುಗನಿಗೆ ಬೇಕಿರೋದು ರಾತ್ರಿ ನಿದ್ದೆ. ಅಪ್ಪನನ್ನ ಹತ್ತು ನಿಮಿಷ ಆಚೆ ಕೂರಿಸಿ ಕೇಳದಿದ್ದರೆ ಇದು ಹೊರಗೆ ಬರೋದೇ ಇಲ್ಲ.

ಥೆರಪಿಸ್ಟ್‌ಗಳು ಕೊನೆಯ ಐದು ನಿಮಿಷ ಇಟ್ಟುಕೊಂಡು ಕೇಳಬೇಕು. "ಚೆನ್ನಾಗಿತ್ತಾ?" ಅಂದರೆ ಉತ್ತರ "ಹೂಂ" ಅಂತಲೇ. "ಇವತ್ತು ಯಾವುದು ನಿಮಗೆ ಹಿಡಿಸಲಿಲ್ಲ?" ಅಂತ ಕೇಳಿ, ಸುಮ್ಮನೆ ಕಾಯಿರಿ.

ಥೆರಪಿಗೆ ಹೋಗೋರಿಗೂ ಒಂದು ಮಾತು. "ಹೋಂವರ್ಕ್ ಮಾಡಿಲ್ಲ, ನನಗೆ ದೊಡ್ಡದಾಯ್ತು" ಅನ್ನಿ. "ಹೋದ ವಾರ ನೀವಂದ ಮಾತು ಚುಚ್ಚಿತು" ಅನ್ನಿ. ಒಳ್ಳೆ ಥೆರಪಿಸ್ಟ್ ಆದರೆ ಪಟ್ಟಿ ತೆಗೆದು, ಕ್ಯಾತ್ಸಂದ್ರಕ್ಕೂ ಮುಂಚೆ ಇನ್ನೊಂದು ಮೆಟ್ಟಿಲು ಬರೀತಾರೆ. ಸಿಟ್ಟಾದರೆ ಬೇರೆಯವರನ್ನ ಹುಡುಕಿ. ಯಾರೂ ಸಿಗದ ಹೊತ್ತಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.