ಸ್ಪಷ್ಟನೆ: ತೂಕ ಏರಿತೆಂದು ಸಿಎಎಚ್ ಮಕ್ಕಳ ಮಾತ್ರೆ ನಿಲ್ಲಿಸಬಾರದು

ಕಂಜೆನಿಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾ, ಅಂದರೆ ಸಿಎಎಚ್ ಎಂಬ ಹುಟ್ಟಿನಿಂದ ಬರುವ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ತೊಂದರೆಯಿರುವ ಮಕ್ಕಳು ದಪ್ಪಗಾಗುವುದು ಸ್ಟಿರಾಯ್ಡ್ ಮಾತ್ರೆಯೊಂದರಿಂದಲೇ, ಆದ್ದರಿಂದ ತೂಕ ಏರಿದ ಕೂಡಲೇ ಅದನ್ನು ನಿಲ್ಲಿಸಬೇಕು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದರ ಮೊದಲ ಭಾಗ ಅರೆಸತ್ಯ. ಎರಡನೆಯದು ಪ್ರಾಣಕ್ಕೇ ಅಪಾಯ.

ಈ ಮಕ್ಕಳಲ್ಲಿ ಬೊಜ್ಜಿನ ಸಂಭವ ಓರಗೆಯವರಿಗಿಂತ ಹೆಚ್ಚು ಎಂಬುದೂ, ಅಗತ್ಯ ಮೀರಿದ ಸ್ಟಿರಾಯ್ಡ್ ಅದಕ್ಕೊಂದು ಕಾರಣ ಎಂಬುದೂ ನಿಜ. ಆದರೆ ಆಹಾರ, ಚಟುವಟಿಕೆ, ತಂದೆತಾಯಿಯ ಮೈಕಟ್ಟುಗಳ ಪಾಲೂ ಅದರಲ್ಲಿದೆ.

ಬಹುಪಾಲು ಪ್ರಕರಣಗಳಲ್ಲಿ 21-ಹೈಡ್ರಾಕ್ಸಿಲೇಸ್ ಎಂಬ ಕಿಣ್ವದ ಕೊರತೆಯಿಂದ ದೇಹಕ್ಕೆ ಕಾರ್ಟಿಸಾಲ್ ಎಂಬ ಅತ್ಯಗತ್ಯ ಹಾರ್ಮೋನನ್ನು ಸಾಕಷ್ಟು ತಯಾರಿಸಲು ಆಗುವುದಿಲ್ಲ. ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಕಾರ್ಟಿಸಾಲ್‌ನ ಕೊರತೆಯನ್ನು ತುಂಬುತ್ತದೆ. ಅದನ್ನು ಏಕಾಏಕಿ ನಿಲ್ಲಿಸಿದರೆ ರಕ್ತದೊತ್ತಡವೂ ರಕ್ತದ ಸಕ್ಕರೆಯೂ ಕುಸಿದು ಮಗು ಅಡ್ರಿನಲ್ ಬಿಕ್ಕಟ್ಟಿಗೆ ಸಿಲುಕಬಹುದು. ಜ್ವರ ಬಂದಾಗಲಂತೂ ವೈದ್ಯರು ಪ್ರಮಾಣವನ್ನು ತಾತ್ಕಾಲಿಕವಾಗಿ ಹೆಚ್ಚಿಸಲು ಹೇಳುತ್ತಾರೆ. ಅಗತ್ಯಕ್ಕಿಂತ ಕಡಿಮೆ ಕೊಟ್ಟರೆ ಆಂಡ್ರೋಜೆನ್ ಎಂಬ ಪುರುಷ ಹಾರ್ಮೋನ್ ಹೆಚ್ಚಿ, ಮೂಳೆ ವಯಸ್ಸಿಗೆ ಮೊದಲೇ ಬಲಿತು, ಕೊನೆಯ ಎತ್ತರ ಕುಗ್ಗುತ್ತದೆ. ಸಂದೇಶ ಇದನ್ನು ಹೇಳುವುದೇ ಇಲ್ಲ.

ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯ 2018ರ ಮಾರ್ಗಸೂಚಿಯ ಪ್ರಕಾರ, ಬೆಳೆಯುವ ಮಕ್ಕಳಿಗೆ ಹೈಡ್ರೋಕಾರ್ಟಿಸೋನನ್ನೇ, ಸಾಮಾನ್ಯವಾಗಿ ದಿನಕ್ಕೆ ಮೈಮೇಲ್ಮೈಯ ಪ್ರತಿ ಚದರ ಮೀಟರ್‌ಗೆ 10ರಿಂದ 15 ಮಿಲಿಗ್ರಾಂ ಲೆಕ್ಕದಲ್ಲಿ, ಕೊಡಬೇಕು. ಮಗು ಬೆಳೆದಂತೆ ಈ ಲೆಕ್ಕ ಬದಲಾಗುವುದರಿಂದ, ತೂಕದ ಬಗ್ಗೆ ಆತಂಕವಿದ್ದವರು ಮಕ್ಕಳ ಹಾರ್ಮೋನ್ ತಜ್ಞರ ಬಳಿ ಪ್ರಮಾಣವನ್ನು ಮರುಪರಿಶೀಲಿಸಿಕೊಳ್ಳಬೇಕು. ಆ ಸಂದೇಶವನ್ನು ದಯವಿಟ್ಟು ಯಾರಿಗೂ ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.