ಪರಾಕು ಹಾಕುವ ಮುನ್ನ ಎಚ್ಚರಿಕೆ

ಪರಾಕು ಅಂದರೆ ಬರೀ ಹೊಗಳಿಕೆ ಅಂದುಕೊಂಡವರೇ ಹೆಚ್ಚು. ಹಿಂದೆ ಅದಕ್ಕೆ ಇನ್ನೊಂದು ಕೆಲಸವೂ ಇತ್ತು. ‘ದೊರೆ ಬರುತ್ತಿದ್ದಾರೆ, ಗಮನವಿರಲಿ’ ಎಂದು ಸಾರುವ ಕೂಗದು. ಆಮೇಲೆ ಆ ಕೆಲಸವನ್ನು ಮಂತ್ರಿಗಳ ಬೆಂಗಾವಲು ಕಾರಿನ ಸೈರನ್ ವಹಿಸಿಕೊಂಡಿತು. ಮೈಸೂರು ಅರಮನೆಯ ನವರಾತ್ರಿ ದರ್ಬಾರಿನಲ್ಲಿ ಬಹುಪರಾಕ್ ಇಂದಿಗೂ ಗಂಭೀರ ಶಬ್ದವೇ. ಆದರೆ ಆಫೀಸಿನಲ್ಲಿ ‘ಅವನು ಸಾಹೇಬರಿಗೆ ಭೋಪರಾಕ್ ಹಾಕ್ತಾನೆ’ ಎಂದರೆ ಹಾಕಿದವನ ಮಾನ ಹೋಯಿತು. ಸಾಹೇಬರಿಗೇನೂ ನಷ್ಟವಿಲ್ಲ.

ಮೈಲಾರ ಜಾತ್ರೆಯಲ್ಲಿ ನುಡಿಯುವ ಭವಿಷ್ಯವಾಣಿ, ಅಂದರೆ ಕಾರಣಿಕದ ದಾರಿಯೇ ಬೇರೆ. ಅದನ್ನು ನುಡಿಯುವ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಅಷ್ಟು ದೊಡ್ಡ ಜಾತ್ರೆಯೇ ಗಪ್‌ಚುಪ್. ಒಂದು ಸಾಲಿನ ನುಡಿ, ಕೊನೆಗೊಂದು ‘ಪರಾಕ್’, ಅಷ್ಟೇ. ಅಲ್ಲಿಂದಲೇ ಕೆಳಕ್ಕೆ ಬೀಳುತ್ತಾರೆ. ಹಿಡಿಯಲು ಕೆಳಗೆ ಭಕ್ತರಿರುತ್ತಾರೆ. ನಮ್ಮ ಸನ್ಮಾನ ಸಮಾರಂಭಗಳಲ್ಲಿ ಏರಿಸುವವರಿಗೆ ಬರವಿಲ್ಲ, ಹಿಡಿಯುವವರದ್ದೇ ಕೊರತೆ.

ಸನ್ಮಾನದ ಪರಾಕಿಗೆ 5 ನಿಮಿಷ ಧಾರಾಳ. ‘ಇವರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ’ ಎಂದು ಶುರುಮಾಡುವವರಿಗೆ ಗೊತ್ತಿರುವುದೇ ಕಡಿಮೆ. ಬಿರುದನ್ನು ಆಳು ನೋಡಿ ಕೊಡಬೇಕು. ಇಬ್ಬರ ಹೆಗಲ ಮೇಲೆ ಕೈಹಾಕಿ ವೇದಿಕೆ ಹತ್ತಿದ ಮಂಡಿನೋವಿನ ಹಿರಿಯರನ್ನು ‘ನಡೆದಾಡುವ ವಿಶ್ವಕೋಶ’ ಎನ್ನಬಾರದು. ‘ಅಜಾತಶತ್ರು’ ಎನ್ನುವ ಮೊದಲು ಮುಂದಿನ ಸಾಲಿನಲ್ಲಿ ಅವರ ದಾಯಾದಿಗಳು ಕೂತಿದ್ದಾರೆಯೇ ನೋಡಿಕೊಳ್ಳಿ.

ಇನ್ನು ಪೇಟ. ತಲೆಯ ಅಳತೆ ಕೇಳದೆ ತಂದ ರೆಡಿಮೇಡ್ ಮೈಸೂರು ಪೇಟ ದೊಡ್ಡದಾದರೆ ಹುಬ್ಬಿನವರೆಗೆ ಇಳಿಯುತ್ತದೆ, ಚಿಕ್ಕದಾದರೆ ನಮಸ್ಕಾರಕ್ಕೆ ಬಗ್ಗಿದಾಗ ಅಧ್ಯಕ್ಷರ ಕಾಲಬುಡಕ್ಕೆ ಉರುಳುತ್ತದೆ. ಪೇಟ ಇಟ್ಟ ಮೇಲೆ ಹಾರ ಹಾಕಹೋದರೋ, ಹಾರ ಪೇಟಕ್ಕೆ ಸಿಕ್ಕಿ ಎರಡೂ ಹಾಕಿದವರ ಕೈಗೇ ವಾಪಸ್. ಮೊದಲು ಶಾಲು, ಆಮೇಲೆ ಹಾರ, ಆಮೇಲೆ ಪೇಟ. ಹಣ್ಣಿನ ಬುಟ್ಟಿ ಕಟ್ಟಕಡೆಗೆ. ಮೊದಲೇ ಕೊಟ್ಟರೆ ಕೈಮುಗಿಯಲು ಕೈಯೇ ಉಳಿಯುವುದಿಲ್ಲ. ಸ್ಮರಣಿಕೆಯ ಮೇಲಿನ ಹೆಸರನ್ನು ಅಂಗಡಿಯಲ್ಲೇ ಓದಿ. ‘ಶ್ರೀಮತಿ’ ಎಂದು ಕೊರೆದಾದ ಮೇಲೆ ‘ಶ್ರೀ’ ಮಾಡುವುದು ಯಾರಿಂದಲೂ ಆಗದು.

ಹೊಗಳಿಕೆಯನ್ನು ಹೊನ್ನಶೂಲ ಎಂದು ಬಸವಣ್ಣ 12ನೇ ಶತಮಾನದಲ್ಲೇ ನೊಂದುಕೊಂಡಿದ್ದರು. ಅಡುಗೆಮನೆಯಲ್ಲಿ ಶೂಲಕ್ಕೇರುವವರು ಹೊಗಳಿದವರೇ. ‘ಇವತ್ತು ಸಾರು ಚೆನ್ನಾಗಿದೆ’ ಎಂದಿರೋ, ನಿನ್ನೆಯ ಸಾರಿನ ವಿಚಾರಣೆ ಶುರು. ‘ಇವತ್ತೂ’ ಎಂದು ಒಂದೇ ಒಂದು ಮಾತ್ರೆ ಎಳೆಯಿರಿ. ಎಲೆಗೆ ಇನ್ನೊಂದು ಸೌಟು ಬೀಳುತ್ತದೆ.