ತರಬೇತುದಾರನನ್ನು ತೂಗುವ ಬಗೆ

2022ರ ಡಿಸೆಂಬರ್‌ನಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಅಫೆನ್ಸಿವ್ ಕೋಆರ್ಡಿನೇಟರ್ ಹುದ್ದೆಗೆ ಫಿಲ್ ಲಾಂಗೋ ಅವರ ಹೆಸರು ಕೇಳಿಬಂದಾಗ, ಆ ವಿಶ್ವವಿದ್ಯಾಲಯವಿರುವ ಮ್ಯಾಡಿಸನ್ ನಗರದಲ್ಲಿ ನನಗೆ ಪರಿಚಯವಿದ್ದವರ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಈ ಹುದ್ದೆಯಲ್ಲಿರುವವರು ಮುಖ್ಯ ತರಬೇತುದಾರರ ಕೈಕೆಳಗಿದ್ದು, ಚೆಂಡು ನಮ್ಮವರ ವಶದಲ್ಲಿರುವಾಗಲೆಲ್ಲ ಮುಂದಿನ ನಡೆ ಏನೆಂಬುದನ್ನು ಗೊತ್ತುಮಾಡುತ್ತಾರೆ. ಆ ವಾರಾಂತ್ಯ ತುಮಕೂರಿನ ಸೋದರಮಾವನಿಗೆ ಫೋನ್ ಮಾಡಿದಾಗ, ಈ ಊರಿನವರು ಒಬ್ಬ ಅಭ್ಯರ್ಥಿಯ ಹಿಂದುಮುಂದನ್ನೆಲ್ಲ ಹೇಗೆ ಜಾಲಾಡುತ್ತಿದ್ದಾರೆ ಎಂಬುದನ್ನು ಸಡಗರದಿಂದಲೇ ವಿವರಿಸಿದೆ. ಮಾವ ಸಮಾಧಾನದಿಂದ ಕೇಳಿಸಿಕೊಂಡು, "ಅದೆಲ್ಲಾ ಇರ್ಲಿ ಕಣೋ, ಆ ಮನುಷ್ಯ ಯಾರ ಕಡೆಯವ್ನು?" ಎಂದರು.

ಮಾವ ಆಟ ತಿಳಿಯದವರಲ್ಲ. ಹದಿನೈದು ವರ್ಷ ಸತತವಾಗಿ ರಣಜಿ ಟ್ರೋಫಿ ಗೆದ್ದಿದ್ದ ಮುಂಬಯಿಯನ್ನು 1973-74ರ ಸೆಮಿಫೈನಲ್‌ನಲ್ಲಿ ನಮ್ಮವರು ಬೆಂಗಳೂರಿನಲ್ಲಿ ಹೊರದಬ್ಬಿದ್ದನ್ನೂ, ಪ್ರಸನ್ನ ಅವರ ಎಸೆತಕ್ಕೆ ಗವಾಸ್ಕರ್ ಬೌಲ್ಡ್ ಆದದ್ದನ್ನೂ ಅವರು ನಿನ್ನೆ ನಡೆದಂತೆ ಹೇಳಬಲ್ಲರು. ಅಂಥವರಿಗೂ ಒಬ್ಬ ತರಬೇತುದಾರನ ವಿಷಯ ಬಂದಾಗ ಮೊದಲು ಹೊಳೆದ ಪ್ರಶ್ನೆ ಇದೇ ಆಯಿತಲ್ಲ ಎಂದು ಮನಸ್ಸಿಗೆ ಚುಚ್ಚಿತು. ಏಕೆಂದರೆ ಅದರ ಹಿಂದಿನ ದಿನವಷ್ಟೇ ನನ್ನ ಪಕ್ಕದ ಮನೆಯ ಅಜ್ಜಿ, ಮೆಟ್ಟಿಲ ಮೇಲಿನ ಹಿಮಕ್ಕೆ ಉಪ್ಪು ಎರಚುತ್ತಲೇ, ನನಗೆ ಲಾಂಗೋ ಅವರ ಜಾತಕವನ್ನೇ ಓದಿ ಹೇಳಿದ್ದರು. ಲಾಂಗೋ ಹಿಂದೆ ಸ್ಯಾಮ್ ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ, ಆಮೇಲೆ ಓಲ್ ಮಿಸ್ ಎಂದು ಕರೆಯುವ ಮಿಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿ, 2019ರಿಂದ ನಾರ್ತ್ ಕ್ಯಾರೊಲೈನಾದಲ್ಲಿ ಇದ್ದವರು. ಚೆಂಡನ್ನು ಗಾಳಿಯಲ್ಲಿ ಎಸೆಯುವುದೇ ಅವರ ಆಟವೆಂಬ ಮಾತು ಅರ್ಧ ಸತ್ಯ, 2020ರಲ್ಲಿ ಮಯಾಮಿ ತಂಡದ ವಿರುದ್ಧ ಅವರ ಇಬ್ಬರು ರನ್ನಿಂಗ್ ಬ್ಯಾಕ್‌ಗಳು, ಅಂದರೆ ಚೆಂಡು ಹಿಡಿದು ಓಡುವವರು, ಸೇರಿ ಒಂದೇ ಪಂದ್ಯದಲ್ಲಿ 544 ಗಜ ಓಡಿದ್ದಾರೆ ಎಂದು ಅಜ್ಜಿ ಸಮಾಧಾನ ಹೇಳಿದರು. ಹಿಂದೆಯೇ ಅನುಮಾನವನ್ನೂ ಹೊರಗಿಟ್ಟರು: ಈ ವರ್ಷ ನಾರ್ತ್ ಕ್ಯಾರೊಲೈನಾದ ಡ್ರೇಕ್ ಮೇ ಎಂಬ ಹುಡುಗ 4,000 ಗಜಕ್ಕೂ ಹೆಚ್ಚು ಎಸೆದಿದ್ದರೂ, ಕೊನೆಯ ವಾರಗಳಲ್ಲಿ ಜಾರ್ಜಿಯಾ ಟೆಕ್ ಎದುರು 17 ಅಂಕ, ಕ್ಲೆಮ್ಸನ್ ಎದುರು ಬರೀ 10 ಅಂಕ ಬಂದದ್ದೇಕೆ? ಎದುರಾಳಿಗಳಿಗೆ ಗುಟ್ಟು ತಿಳಿದುಹೋದ ಮೇಲೆ ಈ ಮನುಷ್ಯನ ಬಳಿ ಎರಡನೆಯ ಉಪಾಯವಿದೆಯೇ?

ನಾನು ಕೇಳಿದ ಎಷ್ಟೋ ಸಂದರ್ಶನಗಳಲ್ಲಿ ಇಷ್ಟು ಚುರುಕಾದ ಪ್ರಶ್ನೆ ಬಂದಿಲ್ಲ.

ಲಾಂಗೋ ಆಡಿಸುವ ಸ್ಪ್ರೆಡ್ ಅಫೆನ್ಸ್ ಎಂಬುದು ಏನೆಂದು ತಿಳಿಯದೆ ಆ ಪ್ರಶ್ನೆಯ ತೂಕ ತಿಳಿಯುವುದಿಲ್ಲ. ಅಮೆರಿಕನ್ ಫುಟ್‌ಬಾಲ್ ಮೈದಾನದ ಅಗಲ 53 ಗಜಕ್ಕಿಂತ ತುಸು ಹೆಚ್ಚು. ಹಳೆಯ ಪದ್ಧತಿಯಲ್ಲಿ ಹನ್ನೊಂದು ಮಂದಿಯಲ್ಲಿ ಎಂಟೊಂಬತ್ತು ಮಂದಿ ಚೆಂಡಿನ ಆಸುಪಾಸಿನಲ್ಲೇ ಒತ್ತಾಗಿ ನಿಂತು, ಎದುರಿನವರನ್ನು ಮೈಬಲದಿಂದ ನೂಕಿ, ಓಟಗಾರನಿಗೆ ದಾರಿ ಬಿಡಿಸುತ್ತಾರೆ. ಸ್ಪ್ರೆಡ್‌ನಲ್ಲಿ ನಾಲ್ವರನ್ನು ಗಡಿಗೆರೆಗಳತ್ತ ದೂರ ನಿಲ್ಲಿಸುತ್ತಾರೆ. ಅವರನ್ನು ಕಾಯಲು ಎದುರಾಳಿಗಳೂ ಚದುರಲೇಬೇಕು. ಚೆಂಡಿಗಿಂತ ಐದು ಗಜ ಹಿಂದೆ ನಿಂತು, ಚೆಂಡು ಪಡೆದು ಎಸೆಯುವ ಇಲ್ಲವೇ ಓಟಗಾರನಿಗೆ ಕೊಡುವ ಕ್ವಾರ್ಟರ್‌ಬ್ಯಾಕ್ ನಡುವೆ ಉಳಿದ ರಕ್ಷಕರ ತಲೆ ಎಣಿಸುತ್ತಾನೆ. ಐದಾರು ಮಂದಿ ಇದ್ದರೆ ಓಟ, ಏಳಾದರೆ ಎಸೆತ. ಇನ್ನೂ ಸ್ವಾರಸ್ಯವಾದದ್ದು ರಕ್ಷಣಾ ಸಾಲಿನ ತುದಿಯಲ್ಲಿರುವ ಒಬ್ಬನನ್ನು ಯಾರೂ ತಡೆಯದೆ ಬೇಕೆಂದೇ ಬಿಟ್ಟುಬಿಡುವ ಉಪಾಯ. ಅವನು ಓಟಗಾರನ ಮೇಲೆ ನುಗ್ಗಿದರೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ತಾನೇ ಇಟ್ಟುಕೊಂಡು ಅವನು ಬಿಟ್ಟ ಜಾಗದಿಂದ ಓಡುತ್ತಾನೆ. ಅವನು ನಿಂತಲ್ಲೇ ನಿಂತರೆ ಚೆಂಡು ಓಟಗಾರನ ಕೈಗೆ. ಅವನು ಏನು ಮಾಡಿದರೂ ತಪ್ಪಾಗುವಂತೆ ಹೂಡಿದ ಬಲೆ ಇದು. ಇದರ ಎಸೆತಪ್ರಧಾನ ಕವಲಾದ ಏರ್ ರೇಡ್ ಅನ್ನು ಹಾಲ್ ಮಮ್ಮಿ ಮತ್ತು ಮೈಕ್ ಲೀಚ್ ಎಂಬ ತರಬೇತುದಾರರು ರೂಪಿಸತೊಡಗಿದ್ದು 1989ರ ಸುಮಾರಿಗೆ, ವಿಸ್ಕಾನ್ಸಿನ್‌ಗೆ ಅಂಟಿಕೊಂಡ ಅಯೋವಾ ರಾಜ್ಯದ ಅಯೋವಾ ವೆಸ್ಲಿಯನ್ ಎಂಬ ಪುಟ್ಟ ಕಾಲೇಜಿನಲ್ಲಿ. ಲಾಂಗೋ ಆ ಪರಂಪರೆಯವರು, ಆದರೆ ಓಟಕ್ಕೆ ಹೆಚ್ಚು ಜಾಗ ಕೊಟ್ಟವರು.

ವಿಸ್ಕಾನ್ಸಿನ್ ತಂಡದ ಹೆಮ್ಮೆ ನಿಂತಿರುವುದು ಇದಕ್ಕೆ ಪೂರ್ತಿ ವಿರುದ್ಧವಾದ ಆಟದ ಮೇಲೆ. 1990ರಲ್ಲಿ ಮುಖ್ಯ ತರಬೇತುದಾರರಾಗಿ ಬಂದ ಬ್ಯಾರಿ ಅಲ್ವಾರೆಜ್ ಇಲ್ಲಿನ ಹೈನುಗಾರಿಕೆಯ ಹಳ್ಳಿಗಳ ದೈತ್ಯ ಹುಡುಗರನ್ನು ಮುಂಚೂಣಿಯಲ್ಲಿ ನಿಲ್ಲಿಸಿ, ಮೂರು ಸಲ ರೋಸ್ ಬೌಲ್ ಎಂಬ ಪ್ರತಿಷ್ಠಿತ ಪಂದ್ಯ ಗೆಲ್ಲಿಸಿದರು. 1999ರಲ್ಲಿ ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಪಡೆದ ರಾನ್ ಡೇನ್, 2014ರಲ್ಲಿ ನೆಬ್ರಾಸ್ಕಾ ವಿರುದ್ಧ ಒಂದೇ ಪಂದ್ಯದಲ್ಲಿ 408 ಗಜ ಓಡಿದ ಮೆಲ್ವಿನ್ ಗಾರ್ಡನ್, ಮೂರೇ ವರ್ಷದಲ್ಲಿ 6,000 ಗಜ ದಾಟಿದ ಜೊನಾಥನ್ ಟೇಲರ್, ಎಲ್ಲರೂ ಓಟಗಾರರೇ. ಇಂಥ ಊರಿಗೆ ಲಾಂಗೋ ಬರುವುದೆಂದರೆ ಪಕ್ಷಾಂತರವಿದ್ದಂತೆ. ಆದ್ದರಿಂದಲೇ ಕ್ಷೌರದಂಗಡಿಯಿಂದ ಪ್ರಾಧ್ಯಾಪಕರ ಕೋಣೆಯವರೆಗೆ ಎಲ್ಲರೂ ಕೇಳುತ್ತಿದ್ದುದು ಒಂದೇ: ಈ ಪದ್ಧತಿಗೆ ಬೇಕಾದ ಆಟಗಾರರು ನಮ್ಮಲ್ಲಿ ಇದ್ದಾರೆಯೇ? ಸರ್ಕಾರಿ ವಿಶ್ವವಿದ್ಯಾಲಯವಾದ್ದರಿಂದ ಅವರಿಗೆ ಕೊಡುವ ಸಂಬಳವೂ ಪತ್ರಿಕೆಯಲ್ಲಿ ಬರುತ್ತದೆ. ಅದನ್ನು ಓದಿ ಹುಬ್ಬೇರಿಸುವ ಹಕ್ಕು ತೆರಿಗೆ ಕಟ್ಟುವ ಎಲ್ಲರಿಗೂ ಇದೆ.

ಈಗ ನಮ್ಮ ಕಡೆಗೆ ಬರೋಣ. 2013-14 ಮತ್ತು 2014-15ರಲ್ಲಿ ಕರ್ನಾಟಕ ಸತತ ಎರಡು ಸಲ ರಣಜಿ ಗೆದ್ದಿತು. ಎರಡನೆಯ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ ಕರುಣ್ ನಾಯರ್ ಹೊಡೆದ 328 ರನ್, ಅದೇ ಪಂದ್ಯದಲ್ಲಿ ಐದು ವಿಕೆಟ್ ಕಿತ್ತು ಶತಕವನ್ನೂ ಬಾರಿಸಿದ ವಿನಯ್ ಕುಮಾರ್, ಇವೆಲ್ಲ ನನ್ನ ಗೆಳೆಯರ ನಾಲಿಗೆಯ ತುದಿಯಲ್ಲಿವೆ. ಆಗ ತರಬೇತುದಾರರಾಗಿದ್ದ ಜೆ. ಅರುಣ್ ಕುಮಾರ್ ಅವರ ವಿಧಾನವೇನಿತ್ತು, ಅವರು ಏನನ್ನು ಬದಲಿಸಿದರು, ಏನನ್ನು ಮುಟ್ಟದೆ ಬಿಟ್ಟರು ಎಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಒಬ್ಬರಿಂದಲೂ ಉತ್ತರವಿಲ್ಲ. 2020ರಲ್ಲಿ ಅದೇ ಅರುಣ್ ಕುಮಾರ್ ಅಮೆರಿಕದ ಕ್ರಿಕೆಟ್ ತಂಡದ ಮುಖ್ಯ ತರಬೇತುದಾರರಾದರೆಂದು ನಾನೇ ಹೇಳಬೇಕಾಯಿತು. ನಮ್ಮಲ್ಲಿ ತರಬೇತುದಾರನ ನೇಮಕವೆಂದರೆ ಕ್ರೀಡಾಪುಟದ ಮೂಲೆಯಲ್ಲಿ ಎರಡು ಸಾಲಿನ ಸುದ್ದಿ. ಹೆಸರು, ಆಡಿದ ಪಂದ್ಯಗಳ ಸಂಖ್ಯೆ, ಅಲ್ಲಿಗೆ ಮುಗಿಯಿತು. ಮದುವೆಗೆ ಅಡುಗೆಯವರನ್ನು ಗೊತ್ತುಮಾಡುವಾಗ ಯಾರ ಮನೆಯ ಚಪ್ಪರದಲ್ಲಿ ಬಡಿಸಿದ್ದರು, ಎಷ್ಟು ಎಲೆಗೆ ನಿಭಾಯಿಸುತ್ತಾರೆ, ಎರಡನೆಯ ಪಂಕ್ತಿಗೆ ಹುಳಿ ನೀರಾಗುತ್ತದೆಯೇ ಎಂದು ಮೂರು ಕಡೆ ವಿಚಾರಿಸುವ ಜನ ನಾವು. ಆ ಎಚ್ಚರ ಆಟದ ಬಾಗಿಲಿಗೆ ಬಂದೊಡನೆ ಎಲ್ಲಿ ಹೋಗುತ್ತದೆಯೋ ಗೊತ್ತಿಲ್ಲ. ಆಟಗಾರರು ಸರಿಯಿದ್ದರೆ ತರಬೇತುದಾರ ಯಾರಾದರೇನು ಎಂಬ ಉದಾಸೀನ ಒಂದು ಕಡೆ, ಎಲ್ಲವೂ ಮೊದಲೇ ತೀರ್ಮಾನವಾಗಿರುತ್ತದೆ ಎಂಬ ಸಿನಿಕತನ ಇನ್ನೊಂದು ಕಡೆ. ಎರಡೂ ಸೇರಿ ಪ್ರಶ್ನೆ ಕೇಳುವ ಕಷ್ಟವನ್ನೇ ತಪ್ಪಿಸಿಬಿಡುತ್ತವೆ.

ಲಾಂಗೋ ಅವರ ವಿಷಯದಲ್ಲಿ ಊರಿನವರು ಕೇಳಿದ ಪ್ರಶ್ನೆಗೆ ಚರಿತ್ರೆಯಲ್ಲಿ ಎರಡು ಬಗೆಯ ಉತ್ತರಗಳಿದ್ದವು. 2008ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯ ಸ್ಪ್ರೆಡ್‌ನ ಮಹಾಗುರುಗಳಲ್ಲಿ ಒಬ್ಬರಾದ ರಿಚ್ ರಾಡ್ರಿಗೆಜ್ ಅವರನ್ನು ಕರೆತಂದಿತು. ಹಳೆಯ ಪದ್ಧತಿಗೆಂದು ಆಯ್ಕೆಯಾಗಿದ್ದ ಹುಡುಗರ ಕೈಯಲ್ಲಿ ಹೊಸ ಆಟ ನಡೆಯಲಿಲ್ಲ. ಮೂರು ಗೆಲುವು, ಒಂಬತ್ತು ಸೋಲು. ಚೆನ್ನಾಗಿ ಆಡಿದ ತಂಡಗಳಿಗೆ ಋತುವಿನ ಕೊನೆಯಲ್ಲಿ ಸಿಗುವ ಬೌಲ್ ಪಂದ್ಯಕ್ಕೆ ತಪ್ಪದೆ ಹೋಗುತ್ತಿದ್ದ 33 ವರ್ಷಗಳ ಸರಣಿ ಅಲ್ಲಿಗೆ ಕಡಿಯಿತು. ಆದರೆ 2012ರಲ್ಲಿ ಅರ್ಬನ್ ಮೇಯರ್ ಒಹಾಯೊ ಸ್ಟೇಟ್‌ಗೆ ಸ್ಪ್ರೆಡ್ ತಂದಾಗ ಮೊದಲ ವರ್ಷವೇ ಹನ್ನೆರಡಕ್ಕೆ ಹನ್ನೆರಡೂ ಗೆದ್ದರು, ಏಕೆಂದರೆ ಓಡಬಲ್ಲ ಕ್ವಾರ್ಟರ್‌ಬ್ಯಾಕ್ ಬ್ರ್ಯಾಕ್ಸ್‌ಟನ್ ಮಿಲ್ಲರ್ ಅಲ್ಲಿ ಮೊದಲೇ ಇದ್ದ. 2022ರ ಕೊನೆಗೆ ವಿಸ್ಕಾನ್ಸಿನ್‌ಗೆ ಮುಖ್ಯ ತರಬೇತುದಾರರಾಗಿ ಬಂದ ಲ್ಯೂಕ್ ಫಿಕೆಲ್ ಆ ದಿನಗಳಲ್ಲಿ ಮೇಯರ್ ಅವರ ಬಳಿ ರಕ್ಷಣೆಯ ಹೊಣೆ ಹೊತ್ತಿದ್ದವರು. ಅವರ ಕಣ್ಣಮುಂದೆ ಇದ್ದದ್ದು ಒಹಾಯೊ. ಪಕ್ಕದ ಮನೆಯ ಅಜ್ಜಿಯ ಕಣ್ಣಮುಂದೆ ಇದ್ದದ್ದು ಮಿಷಿಗನ್.

ನಡೆದದ್ದು ಅಜ್ಜಿ ಹೆದರಿದಂತೆಯೇ. 2023ರಲ್ಲಿ ತಂಡ ಏಳು ಗೆದ್ದು ಆರು ಸೋತಿತು. ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಿಂದ ಕರೆಸಿಕೊಂಡ ಕ್ವಾರ್ಟರ್‌ಬ್ಯಾಕ್ ಟ್ಯಾನರ್ ಮಾರ್ಡೆಕೈ ಅಯೋವಾ ಪಂದ್ಯದಲ್ಲಿ ಕೈ ಮುರಿದುಕೊಂಡ. ಮರುವರ್ಷ ಬಂದ ಟೈಲರ್ ವ್ಯಾನ್ ಡೈಕ್ ಅಲಬಾಮಾ ವಿರುದ್ಧದ ಪಂದ್ಯದಲ್ಲಿ ಮಂಡಿಗೆ ಪೆಟ್ಟು ಮಾಡಿಕೊಂಡು ಇಡೀ ಋತುವಿಗೆ ಹೊರಗುಳಿದ. ಗಾಯಗಳಿಗೆ ಯಾರೂ ಹೊಣೆಯಲ್ಲ, ಒಪ್ಪುತ್ತೇನೆ. ಆದರೆ ಕ್ಯಾಂಪ್ ರ‍್ಯಾಂಡಲ್ ಕ್ರೀಡಾಂಗಣದಲ್ಲಿ ಕುಳಿತು ನೋಡುವಾಗ ನನ್ನನ್ನು ಕಾಡಿದ್ದು ಬೇರೆ ಸಂಗತಿ. ಒಂದೇ ಒಂದು ಗಜ ಬೇಕಾಗಿರುವ ಹೊತ್ತಿನಲ್ಲಿಯೂ ಕ್ವಾರ್ಟರ್‌ಬ್ಯಾಕ್ ಐದು ಗಜ ಹಿಂದೆ ನಿಂತು ಚೆಂಡು ಪಡೆಯುವುದು, ಆ ಐದು ಗಜವನ್ನು ಮೊದಲು ತುಂಬಿ ಆಮೇಲೆ ಆರನೆಯದಕ್ಕೆ ಹೆಣಗುವುದು. ಮುಂದೆ ನಿಂತ ಐವರು ದೈತ್ಯರಿಗೆ ಹುಟ್ಟಿನಿಂದ ಕಲಿತ ನೂಕುವ ಕೆಲಸವನ್ನು ಬಿಡಿಸಿ, ಅಗಲವಾಗಿ ನಿಂತು ಹಿಂದೆ ಸರಿಯುತ್ತ ತಡೆಯುವ ಕೆಲಸ ಕೊಡುವುದು. ಸುತ್ತಲಿನ ಕೆಂಪು ಅಂಗಿಯ ಮುದುಕರು ಗೊಣಗುತ್ತಿದ್ದರು, ಬೈಯುತ್ತಿರಲಿಲ್ಲ. ಅವರ ಗೊಣಗಾಟದಲ್ಲಿ ವಿಷಯವಿತ್ತು. 2024ರ ನವೆಂಬರ್ ಮೊದಲಲ್ಲಿ ಅಯೋವಾ ತಂಡ ಅದೇ ಹಳೆಯ ಓಟದ ಆಟದಿಂದಲೇ ನಮ್ಮವರನ್ನು 42-10ರಿಂದ ಬಡಿಯಿತು. ಎರಡು ವಾರದ ಮೇಲೆ ದೇಶದ ಮೊದಲ ಸ್ಥಾನದಲ್ಲಿದ್ದ ಆರೆಗನ್ ವಿರುದ್ಧ ಮೂರು ಅಂಕಗಳಿಂದ ಸೋತ ಮರುದಿನವೇ ಲಾಂಗೋ ಅವರನ್ನು ಮನೆಗೆ ಕಳಿಸಿದರು. ಉಳಿದೆರಡು ಪಂದ್ಯಗಳೂ ಸೋತು, 22 ವರ್ಷಗಳ ಬೌಲ್ ಸರಣಿ ಇಲ್ಲಿಯೂ ಕಡಿಯಿತು. ಡಿಸೆಂಬರ್‌ನಲ್ಲಿ ಲಾಂಗೋ ಅವರ ಜಾಗಕ್ಕೆ ಕ್ಯಾನ್ಸಸ್‌ನಿಂದ ಜೆಫ್ ಗ್ರೈಮ್ಸ್ ಬಂದರು. ಮುಂಚೂಣಿಯ ಸಾಲನ್ನು ಪಳಗಿಸುವುದರಲ್ಲೇ ಹೆಸರು ಮಾಡಿದವರು.

ಇಷ್ಟೆಲ್ಲ ಪರೀಕ್ಷಿಸಿಯೂ ಕೊನೆಗೆ ಎಡವಿದರಲ್ಲ ಎಂದು ಮಾವ ಕೇಳಬಹುದು, ಕೇಳಿಯೂ ಕೇಳಿದರು. ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಜನ ಪರೀಕ್ಷಿಸುತ್ತಾರೆ, ನೇಮಕ ಮಾಡುವವರು ಇನ್ನಾರೋ. ಅಜ್ಜಿಯ ಪ್ರಶ್ನೆಗೆ ಉತ್ತರಿಸಬೇಕಾದ ಹಂಗು ಯಾರಿಗೂ ಇರಲಿಲ್ಲ. ಇನ್ನೂ ಒಂದು ಮಾತನ್ನು ಮನಸ್ಸಿಲ್ಲದಿದ್ದರೂ ಹೇಳಲೇಬೇಕು. ಮಾವನ ಪ್ರಶ್ನೆ ಇಲ್ಲಿಯೂ ಇದೆ, ಬೇರೆ ಅಂಗಿ ತೊಟ್ಟುಕೊಂಡು. ಫಿಕೆಲ್ ಅವರಿಗಿಂತ ಮೊದಲು ಇದ್ದ ಪಾಲ್ ಕ್ರಿಸ್ಟ್ ಮ್ಯಾಡಿಸನ್‌ನಲ್ಲಿ ಹುಟ್ಟಿದವರು, ಇದೇ ತಂಡಕ್ಕೆ ಆಡಿದವರು. 2022ರ ಅಕ್ಟೋಬರ್‌ನಲ್ಲಿ ಅವರನ್ನು ತೆಗೆದ ಮೇಲೆ ಹಂಗಾಮಿಯಾಗಿ ತಂಡ ನಡೆಸಿದ ಜಿಮ್ ಲೆನಾರ್ಡ್ ಇದೇ ರಾಜ್ಯದ ಟೋನಿ ಎಂಬ ಹಳ್ಳಿಯ ಹುಡುಗ, ವಿದ್ಯಾರ್ಥಿವೇತನವಿಲ್ಲದೆ ತಂಡ ಸೇರಿ ತಾರೆಯಾದವರು. ಅವರನ್ನೇ ಖಾಯಂ ಮಾಡಬೇಕೆಂದು ಹಂಬಲಿಸಿದವರು ಬಹಳ ಮಂದಿ, ಅಂಕಿಅಂಶ ಮುಂದಿಟ್ಟು ಲಾಂಗೋ ಅವರನ್ನು ಅಳೆದ ಅಜ್ಜಿಯೂ ಅವರಲ್ಲೊಬ್ಬರು. ಲೆನಾರ್ಡ್ ಏಕೆ ಬೇಕೆಂದು ಕೇಳಿದಾಗ ಅವರ ಬಾಯಿಂದ ಒಂದು ಅಂಕಿಯೂ ಬರಲಿಲ್ಲ; ನಮ್ಮ ಹುಡುಗ ಎಂದಷ್ಟೇ ಹೇಳಿ ನಕ್ಕರು.

ಅಷ್ಟೇ ಅಲ್ಲ, ಈ ನೆಲದ ಆಟ ಬಲ್ಲವರನ್ನು ತನ್ನಿ ಎಂಬ ಬೇಡಿಕೆಯಲ್ಲಿ ಒಂದಿಷ್ಟು ವಿವೇಕವೂ ಇತ್ತೆಂದು ಈಗ ಅನಿಸುತ್ತದೆ. ಮಾವ ಕೇಳಿದ್ದರಲ್ಲಿ ಆ ವಿವೇಕವಿತ್ತೋ, ಬರೀ ಅಭ್ಯಾಸಬಲವೋ, ಇಷ್ಟು ದೂರದಿಂದ ತೀರ್ಮಾನಿಸಲಾರೆ. ಊರಿನಲ್ಲಿದ್ದಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆನೇನೋ.

ಆದರೂ ನನ್ನ ಮತ ಮ್ಯಾಡಿಸನ್‌ನ ಕಡೆಗೇ. ಇಲ್ಲಿ ತಪ್ಪು ನಡೆದಾಗ ಯಾವ ಪ್ರಶ್ನೆಗೆ ಕಿವಿಗೊಡದೆ ಹೋದದ್ದರಿಂದ ನಡೆಯಿತೆಂಬುದು ಎಲ್ಲರಿಗೂ ಗೊತ್ತಿರುತ್ತದೆ. ಗ್ರೈಮ್ಸ್ ಅವರ ಹೆಸರು ಬಂದ ದಿನ ಊರಿನವರು ಮೊದಲು ಕೇಳಿದ್ದೇ ಮುಂಚೂಣಿಯ ಐವರ ಬಗ್ಗೆ. ನಮ್ಮಲ್ಲಿ ಒಬ್ಬ ತರಬೇತುದಾರ ಬಂದು ಹೋದ ಮೇಲೆ ಅವನಿಂದ ಏನು ಕೆಟ್ಟಿತು, ಏನು ಸುಧಾರಿಸಿತು ಎಂದು ಹೇಳಲು ಬೇಕಾದ ಸಾಮಗ್ರಿಯೇ ಯಾರ ಬಳಿಯೂ ಇರುವುದಿಲ್ಲ. ಮುಂದಿನ ಸಲ ಬೆಂಗಳೂರಿನಲ್ಲಿ ಹೊಸ ಹೆಸರು ಪ್ರಕಟವಾದಾಗ ಅಲ್ಲಿರುವ ವರದಿಗಾರರಲ್ಲಿ ಒಬ್ಬರಾದರೂ ಎದ್ದು ನಿಂತು, ನೀವು ಆಡಿಸಲಿರುವ ಆಟ ಯಾವುದು, ಅದನ್ನು ಆಡಬಲ್ಲವರು ಈ ಹದಿನೈದು ಮಂದಿಯಲ್ಲಿ ಯಾರು ಎಂದು ಕೇಳಲಿ, ಬಂದ ಉತ್ತರವನ್ನು ಪೂರ್ತಿಯಾಗಿ ಅಚ್ಚು ಹಾಕಲಿ. ಮಾವನಿಗೆ ಆ ಪುಟವನ್ನು ಕತ್ತರಿಸಿ ಕಳಿಸಬೇಕಾಗಿಲ್ಲ; ಬೆಳಗಿನ ಕಾಫಿಯ ಜೊತೆ ಕ್ರೀಡಾಪುಟವನ್ನು ಅವರು ಒಂದಕ್ಷರ ಬಿಡದೆ ಓದುತ್ತಾರೆ.